ಡಿಸ್ಚಾರ್ಜ್ ಆದ ಮೇಲೆ ಶುರುವಾಗುವ ಚಿಕಿತ್ಸೆ: ತಾಳವಾಡಿ ಬೆಟ್ಟದ ಹಿರಿಯರು ಮನೆಯಲ್ಲಿ ಚೇತರಿಸಿಕೊಳ್ಳುವುದು ಹೇಗೆ?

"ಡಾಕ್ಟರ್ ಡಿಸ್ಚಾರ್ಜ್ ಕೊಟ್ರು" ಎಂದರೆ ಹೆಚ್ಚಿನ ಮನೆಗಳಲ್ಲಿ "ಗುಣವಾಯ್ತು" ಎಂದೇ ಅರ್ಥ. ಸಂಬಂಧಿಕರು ಹಣ್ಣು ಹಿಡಿದುಕೊಂಡು ಬಂದು ನೋಡಿ ಹೋಗುತ್ತಾರೆ. ಮಗ ರಜೆ ಮುಗಿಸಿ ಕೆಲಸಕ್ಕೆ ಮರಳುತ್ತಾನೆ. ಆದರೆ ಆಸ್ಪತ್ರೆಯ ಭಾಷೆಯಲ್ಲಿ ಡಿಸ್ಚಾರ್ಜ್ ಅಂದರೆ ಬೇರೆ: ಈ ರೋಗಿ ಇನ್ನು ಆಸ್ಪತ್ರೆಯ ಮಂಚದಲ್ಲೇ ಇರಬೇಕಾಗಿಲ್ಲ, ಉಳಿದ ಚಿಕಿತ್ಸೆ ಮನೆಯಲ್ಲಿ ನಡೆಯಬಹುದು ಅಂತ, ಅಷ್ಟೇ. ವಾರ್ಡಿನಲ್ಲಿ ನರ್ಸ್‌ಗಳು ಪಾಳಿ ಪ್ರಕಾರ ಮಾಡುತ್ತಿದ್ದ ಕೆಲಸ ಅವತ್ತಿನಿಂದ ಒಬ್ಬ ಸೊಸೆಯ ಮೇಲೋ, ಎಪ್ಪತ್ತು ದಾಟಿದ ಹೆಂಡತಿಯ ಮೇಲೋ ಬೀಳುತ್ತದೆ.

ಇದು ಎಲ್ಲ ಊರಿನ ಕಥೆ. ಆದರೆ ಆಸ್ಪತ್ರೆ ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ ಇದ್ದರೆ ಕಷ್ಟ ಇಮ್ಮಡಿಯಾಗುತ್ತದೆ. ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದ ಕನ್ನಡಿಗರ ಸ್ಥಿತಿ ಇದೇ.

ಎರಡು ರಾಜ್ಯಗಳ ನಡುವಿನ ಬೆಟ್ಟ

ವರನಟ ಡಾ. ರಾಜ್‌ಕುಮಾರ್ ಅವರ ಹುಟ್ಟೂರು ಗಾಜನೂರು ಇರುವುದು ಇದೇ ತಾಳವಾಡಿ ಸೀಮೆಯಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಇಲ್ಲಿನ ಮನೆಮಾತು ಬಹುಪಾಲು ಕನ್ನಡ. ಸರಕಾರದ ಕಾಗದ ತಮಿಳು.

ಭೂಗೋಳವನ್ನು ನೋಡಿದರೆ ತಾಳವಾಡಿ ಮೈಸೂರು ಪ್ರಸ್ಥಭೂಮಿಯ ಅಂಚು. ಕರ್ನಾಟಕದ ಚಾಮರಾಜನಗರ ಸುಮಾರು 25 ಕಿ.ಮೀ. ದೂರ, ಹೆಚ್ಚು ಏರಿಳಿತವಿಲ್ಲದ ದಾರಿ. ಸ್ವಂತ ಜಿಲ್ಲೆಯ ಸತ್ಯಮಂಗಲಕ್ಕೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿ ಮೂಲಕ ಸಾಗಬೇಕು. ದಾರಿ ಪೂರ್ತಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡು. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಈ ಘಾಟಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸ್‌ಗೆ ವಿನಾಯಿತಿ ಇದೆ ಎಂಬುದು ನಿಜ. ಆದರೆ ಹೊಲಿಗೆ ಬಿಚ್ಚಿಸಲು, ರಕ್ತ ಪರೀಕ್ಷೆಗೆ ಹೋಗುವ ಮುದುಕರು ಆಂಬುಲೆನ್ಸ್‌ನಲ್ಲಿ ಹೋಗುವುದಿಲ್ಲ. ಬಸ್ಸಲ್ಲೋ ಬಾಡಿಗೆ ಕಾರಲ್ಲೋ ಹೋಗುತ್ತಾರೆ.

ಹೀಗಾಗಿ ಕಾಯಿಲೆ ಬಂದಾಗ ಚಾಮರಾಜನಗರ, ಮೈಸೂರು ಕಡೆ ಮುಖ ಮಾಡುವುದು ಸಹಜ. ಚಾಮರಾಜನಗರದಲ್ಲಿ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಅದರ 450 ಹಾಸಿಗೆಯ ಹೊಸ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಅಲ್ಲಿ ಡಾಕ್ಟರ್ ಜತೆ ಕನ್ನಡದಲ್ಲೇ ಮಾತಾಡಬಹುದು ಎಂಬುದೂ ವಯಸ್ಸಾದವರಿಗೆ ದೊಡ್ಡ ಸಮಾಧಾನ.

ಕರಾವಳಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಸರಗೋಡು, ಮಂಜೇಶ್ವರದವರು ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳನ್ನು ನಂಬಿಕೊಂಡಿರುವ ರೀತಿಯೇ ಇದು. 2020ರ ಮಾರ್ಚ್‌ನಲ್ಲಿ ಕೊರೋನ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು, ಅದು ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ತನಕ ಹೋದದ್ದು ಯಾರೂ ಮರೆತಿಲ್ಲ. ಗಡಿ ಮುಚ್ಚಿದರೆ ಎಲ್ಲರಿಗೂ ಕಾಣುತ್ತದೆ. ಗಡಿ ತೆರೆದಿದ್ದರೂ ಕಾಗದಪತ್ರ, ಮಾತ್ರೆ, ಯೋಜನೆಗಳು ಅದನ್ನು ದಾಟದೆ ಉಳಿಯುವುದು ಮಾತ್ರ ಕಾಣುವುದಿಲ್ಲ. ತಾಳವಾಡಿಯ ಹಿರಿಯ ರೋಗಿಗೆ ಪೆಟ್ಟು ಕೊಡುವುದು ಈ ಎರಡನೆಯದ್ದು.

ಮೊದಲ 30 ದಿನ ಯಾಕೆ ಮುಖ್ಯ?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಹಾರ್ಲನ್ ಕ್ರಮ್‌ಹೋಲ್ಜ್ 2013ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಈ ಅವಧಿಗೆ 'ಪೋಸ್ಟ್ ಹಾಸ್ಪಿಟಲ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಅಲ್ಲಿನ ಸರಕಾರಿ ವಿಮೆಯಡಿ ಆಸ್ಪತ್ರೆ ಸೇರಿ ಬಿಡುಗಡೆಯಾದ ಹಿರಿಯರಲ್ಲಿ ಹತ್ತಿರ ಹತ್ತಿರ ಐದರಲ್ಲಿ ಒಬ್ಬರು 30 ದಿನಗಳ ಒಳಗೆ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. ಗಮನಿಸಬೇಕಾದ ವಿಷಯ ಏನೆಂದರೆ, ಮರಳಿ ಸೇರಿದ್ದು ಹಲವು ಸಲ ಮೊದಲಿನ ಕಾಯಿಲೆಗಲ್ಲ, ಬೇರೆಯೇ ಕಾರಣಕ್ಕೆ.

ಯಾಕೆ ಹೀಗೆ? ಆಸ್ಪತ್ರೆಯಲ್ಲಿ ನಿದ್ದೆ ಸರಿ ಇರುವುದಿಲ್ಲ, ಊಟ ಸೇರುವುದಿಲ್ಲ. ನೋವು, ಆತಂಕ, ಹೊಸ ಹೊಸ ಔಷಧಿ. ಮಲಗಿಯೇ ಇದ್ದು ಕಾಲಿನ ಸ್ನಾಯುಗಳು ಸೋತಿರುತ್ತವೆ. ನ್ಯುಮೋನಿಯಾ ವಾಸಿಯಾಗಿರುತ್ತದೆ, ಆದರೆ ಆ ದೇಹ ಮೊದಲಿನ ದೇಹವಲ್ಲ. ಮನೆಗೆ ಬಂದ ನಾಲ್ಕನೇ ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಅದು ಬರೀ ದುರದೃಷ್ಟ ಅಲ್ಲ, ಮೊದಲೇ ಅಂದಾಜು ಮಾಡಬಹುದಾಗಿದ್ದ ಅಪಾಯ.

ಮಾತ್ರೆಯ ಚೀಲ

ಮೊದಲ ಗೊಂದಲ ಮಾತ್ರೆಯದ್ದು. ಬಿಪಿ, ಶುಗರ್ ಮಾತ್ರೆಗಳು ಮನೆಯಲ್ಲಿ ಮೊದಲೇ ಇರುತ್ತವೆ. ಆಸ್ಪತ್ರೆಯವರು ಹೊಸ ಚೀಟಿ ಕೊಡುತ್ತಾರೆ. ಒಂದೇ ಔಷಧಿಗೆ ಕಂಪೆನಿಗೊಂದು ಹೆಸರು ಇರುವುದರಿಂದ ಹಳೆಯದನ್ನೂ ಹೊಸದನ್ನೂ ಸೇರಿಸಿ ನುಂಗುವವರಿದ್ದಾರೆ. ಶುಗರ್ ಮಾತ್ರೆ ಹೀಗೆ ಇಮ್ಮಡಿಯಾದರೆ ಸಕ್ಕರೆ ಪ್ರಮಾಣ ಒಮ್ಮೆಲೇ ಕುಸಿಯುತ್ತದೆ. ಬೆವರು, ನಡುಕ, ಮಾತು ತೊದಲುವುದು, ಮಂಪರು ಅದರ ಲಕ್ಷಣಗಳು. ಎಚ್ಚರ ಇದ್ದು ನುಂಗಲು ಆಗುವಂತಿದ್ದರೆ ತಕ್ಷಣ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಇದಕ್ಕೆ ಪರಿಹಾರ ಸರಳ. ಡಿಸ್ಚಾರ್ಜ್ ದಿನ ಮನೆಯಲ್ಲಿರುವ ಅಷ್ಟೂ ಹಳೇ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ್ ಮುಂದೆ ಸುರಿಯಬೇಕು. ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು, ಯಾವುದು ಹೊಸದು ಎಂದು ಕೇಳಬೇಕು. ನಿಲ್ಲಿಸಿದ್ದನ್ನು ಮನೆಯಲ್ಲಿ ಇಡಲೇಬಾರದು. ಉಳಿದದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬೇಕು: ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಊಟಕ್ಕೆ ಮೊದಲೋ ನಂತರವೋ. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ, ಸರಕಾರಿ ಕಾರ್ಡು ತಮಿಳಿನಲ್ಲಿ, ಅಜ್ಜಿಗೆ ಓದಲು ಬಂದರೆ ಕನ್ನಡ ಮಾತ್ರ. ಆ ಒಂದು ಹಾಳೆ ಇಲ್ಲದಿದ್ದರೆ ಉಳಿದ ಕಾಗದಗಳೆಲ್ಲ ಇದ್ದೂ ಇಲ್ಲದಂತೆ. ಓದಲು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಬರೆದ ಎರಡು ಡಬ್ಬಿ ಸಾಕು.

ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ನೀರು ತಾಗದ ಹಾಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಬಹುದು. ಬಳಕೆ ಶುರು ಮಾಡಿದ ಬಾಟಲಿ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ. ಬಿಸಿಲು ಬೀಳುವ ಕಿಟಕಿ, ಒಲೆಯ ಮೇಲಿನ ಅಟ್ಟ ಸಲ್ಲದು.

ಬಚ್ಚಲು, ಹಾಸಿಗೆ, ಊಟ

ಹಳ್ಳಿ ಮನೆಗಳಲ್ಲಿ ಶೌಚಾಲಯ ಹೆಚ್ಚಾಗಿ ಹೊರಗಡೆ. ರಾತ್ರಿ ಚಳಿ, ಕತ್ತಲೆ, ಜತೆಗೆ ಆನೆ ಭಯ. 2023ರ ಏಪ್ರಿಲ್‌ನಲ್ಲಿ ಸೆರೆಹಿಡಿದ 'ಕರುಪ್ಪನ್' ಎಂಬ ಕಾಡಾನೆ ಈ ಭಾಗದ ಹೊಲಗಳಲ್ಲಿ ಎಷ್ಟು ತೊಂದರೆ ಕೊಟ್ಟಿತ್ತು ಎಂಬುದು ಪತ್ರಿಕೆ ಓದುವವರಿಗೆ ಗೊತ್ತು. ಆದ್ದರಿಂದ ಮೊದಲ ಕೆಲವು ವಾರ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಅಥವಾ ಮೂತ್ರದ ಪಾತ್ರೆ ಇಡುವುದು ನಾಚಿಕೆಯ ವಿಷಯ ಅಲ್ಲ. ಮಧ್ಯ ತೂತು ಮಾಡಿದ ಗಟ್ಟಿ ಪ್ಲಾಸ್ಟಿಕ್ ಕುರ್ಚಿಯ ಅಡಿಗೆ ಬಕೆಟ್ ಇಟ್ಟರೂ ಕೆಲಸ ನಡೆಯುತ್ತದೆ. ರಾತ್ರಿ ಸಣ್ಣ ಬಲ್ಬ್ ಉರಿಯುತ್ತಿರಲಿ.

ಮಲಗಿದಲ್ಲೇ ಇರುವವರಿಗೆ ಸೊಂಟದ ಹಿಂಭಾಗ, ಹಿಮ್ಮಡಿ, ಪೃಷ್ಠದಲ್ಲಿ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಮುಖ್ಯ ಮದ್ದು. ಕೆಂಪಾದ ಜಾಗವನ್ನು ಸ್ಪಿರಿಟ್ ಅಥವಾ ಪೌಡರ್ ಹಾಕಿ ಉಜ್ಜುವ ಅಭ್ಯಾಸ ಹಲವರಲ್ಲಿದೆ. ಅದು ತಪ್ಪು, ಚರ್ಮ ಇನ್ನಷ್ಟು ಕೆಡುತ್ತದೆ. ನಡುವೆ ತೂತಿರುವ ರಬ್ಬರ್ ರಿಂಗ್ ಕೂಡ ಒಳ್ಳೆಯದಲ್ಲ. ಮೂತ್ರದ ನಳಿಗೆ ಹಾಕಿದ್ದರೆ ಅದರ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು, ಎತ್ತಿ ಹೊಟ್ಟೆಯ ಮೇಲೆ ಇಡಬಾರದು.

ಊಟದ ವಿಷಯದಲ್ಲಿ ಈ ಬೆಟ್ಟಕ್ಕೇ ಹೇಳಬೇಕಾದ ಒಂದು ಮಾತಿದೆ. ಇಲ್ಲಿನ ಆಹಾರ ರಾಗಿಮುದ್ದೆ, ಅದನ್ನು ಅಗಿಯದೆ ನುಂಗುವುದು ರೂಢಿ. ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಮುದ್ದೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ತೆಳ್ಳಗಿನ ನೀರೂ ಶ್ವಾಸನಾಳಕ್ಕೆ ಹೋಗಿ ಕೆಮ್ಮು, ನ್ಯುಮೋನಿಯಾ ತರಬಹುದು. ಅಂಥವರಿಗೆ ಬೆನ್ನು ನೇರ ಕೂರಿಸಿ, ಸ್ವಲ್ಪ ಗಟ್ಟಿಯಾದ ರಾಗಿ ಅಂಬಲಿಯನ್ನು ಚಮಚದಲ್ಲಿ ನಿಧಾನಕ್ಕೆ ಕೊಡುವುದು ಹೆಚ್ಚು ಸುರಕ್ಷಿತ. ಯಾವ ಹದ ಸರಿ ಎಂದು ಡಿಸ್ಚಾರ್ಜ್ ಮೊದಲೇ ಡಾಕ್ಟರ್ ಹತ್ತಿರ ಕೇಳಬೇಕು. ಹೃದಯ ದುರ್ಬಲ ಇರುವವರಿಗೆ ಉಪ್ಪಿನಕಾಯಿ, ಹಪ್ಪಳ ಬೇಡ. ಅಂಥವರು ದಿನಾ ಬೆಳಗ್ಗೆ ತೂಕ ನೋಡಬೇಕು. ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಅದು ಚೇತರಿಕೆ ಅಲ್ಲ, ಮೈಯಲ್ಲಿ ನೀರು ತುಂಬುತ್ತಿರುವ ಲಕ್ಷಣ.

ಇನ್ನೊಂದು: ಸಂಜೆಯಾದ ಮೇಲೆ ಅಜ್ಜ ಒಮ್ಮೆಲೇ ಅಸಂಬದ್ಧ ಮಾತಾಡಿದರೆ, ಮನೆಯವರನ್ನೇ ಗುರುತಿಸದಿದ್ದರೆ "ವಯಸ್ಸಾಯ್ತು, ಅರಳುಮರುಳು" ಎಂದೋ "ಗಾಳಿ ಸೋಕಿದೆ" ಎಂದೋ ಸುಮ್ಮನಾಗಬಾರದು. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಅಥವಾ ಉಪ್ಪಿನಂಶ ಕಡಿಮೆಯಾಗುವುದು, ಹೊಸ ಮಾತ್ರೆ ಇವೆಲ್ಲ ವಯಸ್ಸಾದವರಲ್ಲಿ ಹೀಗೆ ಕಾಣಿಸಿಕೊಳ್ಳುತ್ತವೆ. ಕಾರಣ ಹಿಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಮನೆ ಬಾಗಿಲಿಗೆ ಬರುವ ನೆರವು

ತಮಿಳುನಾಡು ಸರಕಾರ 2021ರ ಆಗಸ್ಟ್ 5ರಂದು 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆ ಶುರು ಮಾಡಿತು. ಹೆಸರಿನ ಅರ್ಥ, ಜನರನ್ನು ಹುಡುಕಿಕೊಂಡು ಬರುವ ವೈದ್ಯಸೇವೆ. ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಅದಕ್ಕೆ ಚಾಲನೆ ಕೊಟ್ಟರು. ಸ್ವಸಹಾಯ ಗುಂಪಿನ ಮಹಿಳೆಯರಿಂದ ಆರಿಸಿದ ಆರೋಗ್ಯ ಸ್ವಯಂಸೇವಕಿ ಮನೆಮನೆಗೆ ಬಂದು ಬಿಪಿ, ಶುಗರ್ ನೋಡಿ, ಮಾತ್ರೆ ಕೊಟ್ಟು ಹೋಗುತ್ತಾಳೆ. ಹಾಸಿಗೆ ಹಿಡಿದವರಿಗೆ ಪಾಲಿಯೇಟಿವ್ ನರ್ಸ್, ಪಾರ್ಶ್ವವಾಯು ಆದವರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಬರುವ ವ್ಯವಸ್ಥೆಯೂ ಇದರಲ್ಲಿದೆ. ಮನೆಯಲ್ಲೇ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಬೇಕಾದ ದ್ರವದ ಚೀಲವನ್ನೂ ಕೊಡುತ್ತಾರೆ. 2024ರಲ್ಲಿ ಈ ಯೋಜನೆಗೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು.

ತಾಳವಾಡಿ ತಮಿಳುನಾಡಿನಲ್ಲಿ ಇರುವುದರಿಂದ ಇಲ್ಲಿನ ಹಿರಿಯರಿಗೂ ಇದು ಹಕ್ಕಿನ ಸೇವೆ. ಎಡವಟ್ಟಾಗುವುದು ಎಲ್ಲಿ ಅಂದರೆ, ಚಿಕಿತ್ಸೆ ಆದದ್ದು ಚಾಮರಾಜನಗರದಲ್ಲೋ ಮೈಸೂರಿನಲ್ಲೋ. ಅಲ್ಲಿ ಬಿಡುಗಡೆಯಾದ ರೋಗಿಯ ಸುದ್ದಿ ಇಲ್ಲಿನ ಸ್ವಯಂಸೇವಕಿಗೆ ತಾನಾಗಿಯೇ ಬರುತ್ತದೆ ಎಂದು ಕಾಯುತ್ತಾ ಕೂರಬಾರದು. ಮನೆಯವರೇ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಹಿಡಿದುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಬೇಕು. ಮನೆಗೆ ಬಂದ ಎರಡು ಮೂರು ದಿನದಲ್ಲಿ ಮಾಡಬೇಕಾದ ಮೊದಲ ಕೆಲಸ ಇದು. ಇಷ್ಟಾದರೆ ಪ್ರತಿ ಬಿಪಿ ಚೆಕಪ್‌ಗೂ ಗಡಿ ದಾಟುವುದು ತಪ್ಪುತ್ತದೆ.

ಕಾರ್ಡಿನ ಲೆಕ್ಕ, ಮನೆಯ ಲೆಕ್ಕ

ತಮಿಳುನಾಡಿನ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1.20 ಲಕ್ಷ ರೂ. ಒಳಗೆ ಆದಾಯ ಇರುವ ಕುಟುಂಬಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಸಿಗುತ್ತದೆ. ಇದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಜತೆ ಜೋಡಿಸಲಾಗಿದೆ. ಆದರೆ ಗಡಿಯಾಚೆಯ ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ ಈ ಕಾರ್ಡ್ ನಡೆಯುತ್ತದೆ ಎಂಬುದನ್ನು ದಾಖಲಾಗುವ ದಿನವೇ ವಿಮೆ ಕೌಂಟರಿನಲ್ಲಿ ಕೇಳಬೇಕು. ಬಿಲ್ ಬಂದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ಆಯುಷ್ಮಾನ್ ನಿಯಮದಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಅಂಶ: ಡಿಸ್ಚಾರ್ಜ್ ಆದ ನಂತರದ 15 ದಿನಗಳ ಔಷಧಿ ಮತ್ತು ಪರೀಕ್ಷೆಯ ಖರ್ಚೂ ಪ್ಯಾಕೇಜಿನಲ್ಲಿ ಸೇರಿದೆ. ಕಾರ್ಡಿನಲ್ಲಿ ಚಿಕಿತ್ಸೆ ಪಡೆದವರು ಬರಿಗೈಯಲ್ಲಿ ಮನೆಗೆ ಬರುವ ಮೊದಲು ಇದನ್ನು ಕೇಳಿ ಪಡೆಯಬೇಕು.

16ನೇ ದಿನದಿಂದ ಲೆಕ್ಕ ಬೇರೆ. ದಿನಕ್ಕೆ ಮೂರು ಡೈಪರ್ ಅಂದರೆ ತಿಂಗಳಿಗೆ 90. ಅದರ ಮೇಲೆ ಡ್ರೆಸ್ಸಿಂಗ್ ಬಟ್ಟೆ, ಏರ್‌ಬೆಡ್ಡಿನ ಬಾಡಿಗೆ, ಚೆಕಪ್‌ಗೆ ಕಾರಿನ ಬಾಡಿಗೆ, ಜತೆಗೆ ಹೋಗುವ ಮಗನ ಅಂದಿನ ಕೂಲಿ. ಕರ್ನಾಟಕದ 'ಶಕ್ತಿ' ಯೋಜನೆಯ ಉಚಿತ ಬಸ್ ಪ್ರಯಾಣ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಮಾತ್ರ, ತಮಿಳುನಾಡಿನ ವಿಳಾಸ ಇರುವ ತಾಳವಾಡಿಯ ಅಜ್ಜಿಗೆ ಅದು ಇಲ್ಲ. ತಮಿಳುನಾಡಿನ ವೃದ್ಧಾಪ್ಯ ಪಿಂಚಣಿಯನ್ನು 2023ರ ಆಗಸ್ಟ್‌ನಿಂದ 1,200 ರೂ.ಗೆ ಏರಿಸಲಾಯಿತು. ಮೇಲಿನ ಪಟ್ಟಿಯಲ್ಲಿ ಒಂದೆರಡು ಸಾಲಿಗೇ ಅದು ಮುಗಿಯುತ್ತದೆ. ಆಸ್ಪತ್ರೆಯ ಬಿಲ್ ಸೊನ್ನೆ ಆಗಿದ್ದರೂ ಮನೆಯ ಬಿಲ್ ಸೊನ್ನೆ ಆಗುವುದಿಲ್ಲ. ಬಡ ಕುಟುಂಬ ಮಾತ್ರೆ ನಿಲ್ಲಿಸುವುದು, ಚೆಕಪ್ ತಪ್ಪಿಸುವುದು ಉದಾಸೀನದಿಂದಲ್ಲ, ಈ ಲೆಕ್ಕದಿಂದ. ಬ್ರಾಂಡಿನ ಬದಲು ಜನೌಷಧಿ ಅಂಗಡಿಯ ಮಾತ್ರೆ ಆಗುತ್ತದೆಯೇ, ಚೆಕಪ್ ಮತ್ತು ರಕ್ತ ಪರೀಕ್ಷೆ ಒಂದೇ ದಿನ ಇಡಬಹುದೇ, ಡ್ರೆಸ್ಸಿಂಗ್ ತಾಳವಾಡಿಯ ಸರಕಾರಿ ಆಸ್ಪತ್ರೆಯಲ್ಲೇ ಮಾಡಿಸಬಹುದೇ ಎಂದು ಡಾಕ್ಟರ್ ಹತ್ತಿರ ಕೇಳುವುದರಲ್ಲಿ ಸಂಕೋಚ ಬೇಡ. ಕೇಳಿದರೆ ಬರೆದುಕೊಡುತ್ತಾರೆ.

ರೋಗಿ ಸಂದರ್ಶನ ಅಂದರೆ ಬರೀ ಹಣ್ಣಲ್ಲ

ನೆರೆಯವರ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಕೇರಳದ ಉದಾಹರಣೆ ಹತ್ತಿರದಲ್ಲೇ ಇದೆ. 1993ರಲ್ಲಿ ಕೋಝಿಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ನೋವು ನಿವಾರಣೆಯ ಪುಟ್ಟ ಕ್ಲಿನಿಕ್ ತೆರೆದರು. ಅದು ಮುಂದೆ ಮಲಪ್ಪುರಂ ಜಿಲ್ಲೆಯ ಊರೂರುಗಳಲ್ಲಿ ಸ್ವಯಂಸೇವಕರ ಜಾಲವಾಯಿತು. ಅಂಗಡಿಯವರು, ವಿದ್ಯಾರ್ಥಿಗಳು, ಗೃಹಿಣಿಯರು ಸಣ್ಣ ಸಣ್ಣ ಮೊತ್ತ ಕೂಡಿಸಿ ನರ್ಸನ್ನು ಮನೆಮನೆಗೆ ಕಳಿಸಿದರು. 2008ರಲ್ಲಿ ಕೇರಳ ಸರಕಾರ ಇದಕ್ಕೆಂದೇ ಒಂದು ನೀತಿಯನ್ನು ತಂದಿತು. ಇವತ್ತು ಕಾಸರಗೋಡಿನ ಹಳ್ಳಿಯ ಮನೆಗೂ ಪಾಲಿಯೇಟಿವ್ ವಾಹನ ಬರುವುದು ಅದರ ಫಲ.

ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸಲ್ಮಾನನ ಮೇಲೆ ಇನ್ನೊಬ್ಬನಿಗಿರುವ ಹಕ್ಕುಗಳಲ್ಲಿ ಒಂದು ಎಂದು ಮದ್ರಸದಲ್ಲೇ ಕಲಿಸುತ್ತಾರೆ. ವೃದ್ಧ ತಂದೆತಾಯಿಯ ಸೇವೆಯ ಬಗ್ಗೆ ಜುಮಾ ಖುತ್ಬಾಗಳಲ್ಲಿ ಕೇಳದವರಿಲ್ಲ. ಆ ಸಂದರ್ಶನವನ್ನು ಸ್ವಲ್ಪ ಬದಲಿಸಿದರೆ ಸಾಕು. ಎಲ್ಲರೂ ಮೊದಲ ಭಾನುವಾರವೇ ಗುಂಪಾಗಿ ಹೋಗುವ ಬದಲು ದಿನಕ್ಕೊಬ್ಬರು ಹೋಗಿ ಒಂದು ಗಂಟೆ ಕೂರುವುದು. ಅಷ್ಟು ಹೊತ್ತು ಆ ಸೊಸೆಯೋ ಹೆಂಡತಿಯೋ ಸ್ನಾನ ಮಾಡಿ, ಒಂದು ನಿದ್ದೆ ತೆಗೆಯಲಿ. ಒಂದು ಜಮಾಅತ್ ಅಥವಾ ಯುವಕರ ಸಂಘ ಎರಡು ಗಾಲಿಕುರ್ಚಿ, ಒಂದು ಏರ್‌ಬೆಡ್, ಎರಡು ವಾಕರ್ ಕೊಂಡಿಟ್ಟು ಜಾತಿ ಧರ್ಮ ನೋಡದೆ ಬೇಕಾದವರಿಗೆ ಕೊಟ್ಟು, ಮುಗಿದ ಮೇಲೆ ವಾಪಸ್ ಪಡೆದರೆ ಇಡೀ ಊರಿಗೆ ಉಪಕಾರ. ಮಲಗಿರುವವರು ನೀರು ಮುಟ್ಟಲಾಗದಿದ್ದರೆ ತಯಮ್ಮುಮ್, ನಿಲ್ಲಲಾಗದಿದ್ದರೆ ಕೂತು, ಕೂರಲಾಗದಿದ್ದರೆ ಮಲಗಿ ನಮಾಝ್ ಮಾಡಲು ಅವಕಾಶವಿದೆ. ರಮಝಾನ್‌ಗೆ ಮೊದಲು ಶುಗರ್ ಮಾತ್ರೆಯ ಬಗ್ಗೆ ಡಾಕ್ಟರನ್ನೂ, ಉಪವಾಸದ ವಿನಾಯಿತಿಯ ಬಗ್ಗೆ ಉಸ್ತಾದರನ್ನೂ ಕೇಳಿದರೆ ಹಿರಿಯರ ಮನಸ್ಸಿಗೂ ನೆಮ್ಮದಿ.

ಯಾವಾಗ ಕಾಯಬಾರದು?

ಮುಖ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಆಗಬೇಕು. ಬೆಟ್ಟದ ಊರಿನಲ್ಲಿ ಅದರ ದೊಡ್ಡ ಪಾಲು ದಾರಿಯಲ್ಲೇ ಕಳೆಯುತ್ತದೆ. ಉಸಿರಾಟದ ತೊಂದರೆ, ಎದೆನೋವು, ಮೂತ್ರ ನಿಂತುಹೋಗುವುದು, ಗಾಯದಿಂದ ಕೀವು ಮತ್ತು ಜ್ವರ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಮಲ ಕಪ್ಪಾಗುವುದು, ಇವೆಲ್ಲ ಅದೇ ದಿನ ತೋರಿಸಬೇಕಾದವು. 108ಕ್ಕೆ ಕರೆ ಮಾಡುವಾಗ ಊರು, ತಾಲೂಕು, ಜಿಲ್ಲೆ, ರಾಜ್ಯ ನಾಲ್ಕನ್ನೂ ಹೇಳಬೇಕು. ಗಡಿಯಲ್ಲಿ ಮೊಬೈಲ್ ಪಕ್ಕದ ರಾಜ್ಯದ ಟವರ್ ಹಿಡಿದಿರಬಹುದು. ಒಂಟಿ ಹಿರಿಯರಿಗೆ ಸಲಹೆ, ನೆರವು ಬೇಕಿದ್ದರೆ ರಾಷ್ಟ್ರೀಯ ಹಿರಿಯರ ಸಹಾಯವಾಣಿ 14567 ಇದೆ.

ಮಕ್ಕಳು ತಿರುಪ್ಪೂರಿನಲ್ಲೋ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಮನೆಗಳಲ್ಲಿ ದುಡ್ಡು ಕಳಿಸುವವರು ಇರುತ್ತಾರೆ, ಮಾತ್ರೆ ಎಣಿಸುವವರು ಇರುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ವಿಷಯ ತೀರ್ಮಾನ ಆಗಲೇಬೇಕು: ಮುಂದಿನ 30 ದಿನ ಈ ಮನುಷ್ಯನ ಮಾತ್ರೆ, ಚೆಕಪ್, ಫೋನ್ ನಂಬರುಗಳ ಜವಾಬ್ದಾರಿ ಯಾರದ್ದು? ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ. ಒಬ್ಬರ ಹೆಸರು ಬೇಕು, ಅವರಿಗೆ ಬಿಡುವು ಕೊಡಲು ಇನ್ನೊಬ್ಬರ ಹೆಸರೂ ಬೇಕು. ಮಗಳಾಗಲಿ, ಮೊಮ್ಮಗನಾಗಲಿ, ಪಕ್ಕದ ಮನೆಯವರಾಗಲಿ, ಆ ಎರಡು ಹೆಸರನ್ನು ಮಾತ್ರೆಯ ಹಾಳೆಯ ಮೇಲ್ಗಡೆಯೇ ಬರೆದು ಗೋಡೆಗೆ ಅಂಟಿಸಿ.